ಕೈ ಮಾತ್ರ, ಮುಖ ಬೇಡ

ಫೆಬ್ರವರಿ 3, ಸೋಮವಾರ

ಗಿರಾಕಿಗಳಲ್ಲಿ ಮೂರು ತಳಿ. ಕೊಳ್ಳುವವರು, ಕೊಂಡರೂ ಕೊಂಡಾರು ಅನ್ನಿಸುವವರು, ಕೊಲ್ಲುವವರು. ಈ ಮೂರನೆಯವರು ಬಂದು ಬಟ್ಟೆ ಮುಟ್ಟುತ್ತಾರೆ, ಮೂಸುತ್ತಾರೆ, ಅಳಿಯನ ಗುಣಗಾನ ಮಾಡುತ್ತಾರೆ, ನಮ್ಮ ಟೀ ಕುಡಿದು "ಯೋಚನೆ ಮಾಡಿ ಹೇಳ್ತೀನಿ" ಎಂದು ಎದ್ದು ಹೋಗುತ್ತಾರೆ. ಇವತ್ತು ಬಂದವರೆಲ್ಲ ದೊಡ್ಡ ಯೋಚನಾವಂತರು.

ಎದುರು ಸಾಲಿನಲ್ಲಿ ಸಿದ್ಧ ಉಡುಪಿನ ಅಂಗಡಿ ಬಂದಾಗಿನಿಂದ ನಮ್ಮ ಕೋಟಿನ ಅಂಗಡಿಗೆ ಗ್ರಹಣ. ಅಲ್ಲಿ ಕೋಟು ಗೊಂಬೆಯ ಮೈಮೇಲಿದೆ. ಗೊಂಬೆಗೆ ಹೊಟ್ಟೆಯಿಲ್ಲ, ಗೂನಿಲ್ಲ, ಒಂದು ಭುಜ ತಗ್ಗಿಲ್ಲ. ಮನುಷ್ಯರಿಗೆ ಇವೆಲ್ಲ ಇವೆ. ಆದರೂ ಗೊಂಬೆಯ ಕೋಟೇ ಬೇಕಂತೆ.

ಹೊಸ ಹೋಟೆಲಿನ ಬಾಗಿಲಲ್ಲಿ ನಿಲ್ಲುವವನ ಕೋಟಿನ ತೋಳು ಬೆರಳ ತುದಿಯವರೆಗೆ ಇಳಿದಿರುವುದನ್ನು ನಾನು ಬಸ್ಸಿನಿಂದಲೇ ನೋಡಿಟ್ಟಿದ್ದೆ. ಗಿರಾಕಿ ಹುಡುಕಲು ಫೋನ್ ನಂಬರುಗಳ ಪಟ್ಟಿ ಬೇಡ, ತೋಳು ನೋಡಬೇಕು. ಇಳಿದು ಒಳಗೆ ಹೋದೆ. ಮೂರು ಸಲ ಹೋದ ಮೇಲೆ ಖರೀದಿ ನೋಡಿಕೊಳ್ಳುವ ಮೇಡಂ ಸಿಕ್ಕರು. ಬಾಗಿಲವರಿಂದ ಹಿಡಿದು ಊಟ ಬಡಿಸುವವರ ತನಕ ಎಲ್ಲರ ಕೋಟೂ ಬದಲಾಗಬೇಕಂತೆ. ನಾನು, "ನಮ್ಮಲ್ಲಿ ಗುಂಡಿಯ ಕಾಜಾ ಕೂಡ ಕೈಯಲ್ಲೇ ಹೊಲಿಯೋದು, ನಮ್ಮಕ್ಕನ ಕೈ" ಎಂದೆ. ಅವರ ಕಣ್ಣು ಅರಳಿತು.

"ಬಟ್ಟೆ ಯಾರು ಬೇಕಾದ್ರೂ ಹೊಲೀತಾರೆ. ನಮ್ಮ ಅತಿಥಿಗಳಿಗೆ ಹೇಳೋಕೆ ಏನಾದ್ರೂ ಬೇಕು. ಆ ಕೈಕೆಲಸದ ಒಳ್ಳೇ ಫೋಟೋ ಕಳಿಸಿ, ನೋಡೋಣ. ನಿಮ್ಮ ಮೊಬೈಲ್‌ನಲ್ಲಿ ತೆಗೆದಿದ್ದು ಬೇಡ."

ಈ ಕೆಲಸ ಸಿಕ್ಕರೆ ಅಂಗಡಿ ಉಳಿಯುತ್ತದೆ. ಸಿಗದಿದ್ದರೆ ನಮ್ಮ ಇಬ್ಬರು ಟೈಲರುಗಳು ರಸ್ತೆ ದಾಟಿ ಎದುರಿನವರ ಹತ್ತಿರ ಹೋಗುತ್ತಾರೆ. ಒಬ್ಬನಿಗೆ ಈಗಾಗಲೇ ಕರೆ ಬಂದಿದೆ. ಆಮೇಲೆ ಉಳಿಯುವುದು ನನ್ನ ಬಾಯಿ, ಅಕ್ಕನ ಕೈ. ಹಾಗೆ ನೋಡಿದರೆ ನಾವು ಶುರು ಮಾಡಿದ್ದೂ ಅಷ್ಟರಿಂದಲೇ. ಆದರೆ ಆಗ ನನಗೆ ಇಪ್ಪತ್ತು, ಅಕ್ಕನಿಗೆ ಮೂವತ್ತು.

ಫೆಬ್ರವರಿ 6, ಗುರುವಾರ

ಫೋಟೋಗ್ರಾಫರುಗಳನ್ನು ಕರೆಸಿ ನೋಡಿದೆ. ಎಲ್ಲರೂ ಫ್ರೀಲ್ಯಾನ್ಸ್ ಅಂತೆ. ಅಂದರೆ ಯಾರ ಹಂಗೂ ಇಲ್ಲ, ಯಾರ ಸಂಬಳವೂ ಇಲ್ಲ.

ಮೊದಲನೆಯವನು ಸೂರ್ಯಾಸ್ತ ತೋರಿಸಿದ. ಬಹಳ ಸೂರ್ಯಾಸ್ತ. "ಸೂರ್ಯಂಗೆ ಕೋಟು ಹೊಲಿಯೋದಿಲ್ಲ ಕಣಯ್ಯಾ" ಎಂದು ಕಳಿಸಿದೆ. ಎರಡನೆಯವನು ಮದುವೆ ಫೋಟೋದವನು. ದೀಪ, ಛತ್ರಿ, ಸ್ಟ್ಯಾಂಡು ಎಲ್ಲ ಇದೆ, ಮಾತೂ ಇದೆ. ನನಗಿಂತ ಹೆಚ್ಚು ಮಾತಾಡುವವರನ್ನು ನಾನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಮೂರನೆಯವಳು ಗುಂಗುರು ಕೂದಲಿನ ಹುಡುಗಿ, ಹೆಗಲಿಗೆ ಒಂದೇ ಚೀಲ. ತನ್ನ ಫೋಟೋ ತೋರಿಸುವ ಮೊದಲೇ, "ಇದನ್ನ ಯಾರು ನೋಡ್ತಾರೆ ಸರ್? ನೋಡಿ ಅವರು ಏನು ಮಾಡ್ಬೇಕು?" ಎಂದು ಕೇಳಿದಳು.

ಇದು ವ್ಯಾಪಾರಿ ಕೇಳುವ ಪ್ರಶ್ನೆ. ಅವಳನ್ನೇ ಗೊತ್ತುಮಾಡಿದೆ. ಅರ್ಧ ಹಣ ಮುಂಗಡ, ಅರ್ಧ ಫೋಟೋ ಬಂದ ಮೇಲೆ.

ಫೆಬ್ರವರಿ 8, ಶನಿವಾರ

ಅಕ್ಕ ಬೆಳಿಗ್ಗೆಯಿಂದ ಮುಖ ಗಂಟು ಹಾಕಿಕೊಂಡಿದ್ದಳು. "ಇವತ್ತೇ ಆಗ್ಬೇಕೇನೋ? ಮಿಷನ್ ಫೋಟೋ ತೆಗಿಸು, ಟೈಲರುಗಳದ್ದು ತೆಗಿಸು."

"ಮಿಷನ್ನು ಎದುರಿನವರ ಹತ್ರಾನೂ ಇದೆ ಕಣಕ್ಕ. ನಿನ್ನ ಕೈ ಇಲ್ಲ. ಇನ್ಮೇಲೆ ನಿನ್ನ ಕೈನೇ ನಮ್ಮ ಬೋರ್ಡು."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನಾಚಿಕೆ ಇರಬೇಕು. ಮೊದಲಿನಿಂದಲೂ ಹಾಗೆ, ಫೋಟೋ ಅಂದರೆ ಕಂಬದ ಹಿಂದೆ ನಿಲ್ಲುವವಳು. ನಾನು ಹುಡುಗಿಗೆ ಸ್ಪಷ್ಟವಾಗಿ ಹೇಳಿದೆ: "ಕೈ ಮಾತ್ರ, ಮುಖ ಬೇಡ." ಹುಡುಗಿ ಕಿಟಕಿಯ ಪಕ್ಕಕ್ಕೆ ಮೇಜು ಎಳೆಸಿ, ದೀಪಗಳನ್ನೆಲ್ಲ ಆರಿಸಿ, ನೆಲದ ಮೇಲೆ ಕೂತು ತೆಗೆದಳು. ನಾನು ಅಕ್ಕನ ಹಿಂದೆ ನಿಂತು ಫೋನಿನಲ್ಲಿ ಎರಡು ಬ್ಯಾಂಕಿನವರನ್ನೂ ಒಂದು ವಕೀಲರ ಸಂಘವನ್ನೂ ಮಾತಾಡಿಸಿ ಮುಗಿಸಿದೆ. ಫಲ ಸೊನ್ನೆ; ಆದರೂ ಬಾಯಿ ಪಳಗಿರಬೇಕು.

ಲಾಭದ ಲೆಕ್ಕದಲ್ಲಿ ಒಂದು ಚಿಲ್ಲರೆ ವಿಷಯ: ಅಕ್ಕ ಈಚೆಗೆ ಅರ್ಧ ಲೋಟ ಟೀ ಸಾಕು ಅನ್ನುತ್ತಾಳೆ. ಮೊದಲು ಕಂಠಪೂರ್ತಿ ಬೇಕಿತ್ತು. ವಯಸ್ಸಾದ ಮೇಲೆ ಬುದ್ಧಿ ಬರುತ್ತದೆ.

ಫೆಬ್ರವರಿ 11, ಮಂಗಳವಾರ

ಮೋಸ. ಫೋಟೋ ಎಲ್ಲಾ ಅಲುಗಾಡಿವೆ. ಎಷ್ಟು ತೆಗೆದಿದ್ದಾಳೋ ಅಷ್ಟೂ. ಬೆರಳುಗಳ ಜಾಗದಲ್ಲಿ ಹೊಗೆ, ಸೂಜಿಯ ಜಾಗದಲ್ಲಿ ಒಂದು ಬೆಳ್ಳಿಯ ಗೆರೆ.

"ಏನಮ್ಮ, ತೆಗೆಯುವಾಗ ನಿನಗೆ ಚಳಿಜ್ವರ ಬಂದಿತ್ತಾ?"

"ಸರ್, ಕೈ ಬಿಟ್ಟು ಉಳಿದಿದ್ದೆಲ್ಲ ಸರಿಯಾಗಿದೆ ನೋಡಿ. ಕೋಟಿನ ಎಳೆ ಎಣಿಸ್ಬಹುದು. ಮೇಜಿನ ಗೀರು ಕೂಡ ಕಾಣ್ತಿದೆ."

"ನಾನು ಮಾರೋದು ಮೇಜಿನ ಗೀರಲ್ಲಮ್ಮ!"

ಅವಳು ಏನೋ ಹೇಳಲು ಬಾಯಿ ತೆರೆದಳು. ಒಳಗಡೆ ಬಟ್ಟೆ ಕತ್ತರಿಸುತ್ತಿದ್ದ ಅಕ್ಕನ ಕಡೆ ಒಮ್ಮೆ ನೋಡಿದಳು. ಆಮೇಲೆ, "ಆಯ್ತು ಸರ್, ನನ್ನದೇ ತಪ್ಪು ಅಂತ ಇಟ್ಕೊಳ್ಳಿ" ಎಂದು ಚೀಲ ಎತ್ತಿಕೊಂಡು ಹೊರಟಳು. ಉಳಿದ ಅರ್ಧ ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ. ವಾದದಲ್ಲಿ ನನ್ನನ್ನು ಗೆದ್ದವರನ್ನು ನಾನಿನ್ನೂ ನೋಡಬೇಕು.

ಅಂಗಡಿ ಮುಚ್ಚುವಾಗ ಅಕ್ಕ, "ಪಾಪ, ಆ ಹುಡುಗಿ ದುಡ್ಡು ಕೊಟ್ಬಿಡೋ" ಅಂದಳು. ಅಕ್ಕನ ಕೈಯಲ್ಲಿ ಹಣದ ಪೆಟ್ಟಿಗೆ ಕೊಟ್ಟಿದ್ದರೆ ನಾವು ಎಂದೋ ದಿವಾಳಿ.

ಫೆಬ್ರವರಿ 14, ಶುಕ್ರವಾರ

ಬೇರೆ ದಾರಿಯಿಲ್ಲದೆ ಮದುವೆ ಫೋಟೋದವನನ್ನು ಕರೆಸಿದೆ. ಛತ್ರಿ ಬಿಚ್ಚಿ, ಮಿಂಚು ಹೊಡೆಸಿ, ಒಂದೇ ಉಸಿರಿಗೆ ಸಾಲು ಸಾಲು ಫೋಟೋ ತೆಗೆದ. ಇವನದು ಒಂದೂ ಅಲುಗಾಡಿಲ್ಲ. ಬೆರಳಿನ ಗೆರೆ ಗೆರೆ ಸ್ಪಷ್ಟ. ಅವನಿಗೆ ಭೇಷ್ ಅಂದೆ.

ಅಕ್ಕ ಒಳಗೆ ಹೋದ ಮೇಲೆ ಒಳ್ಳೆಯದೊಂದನ್ನು ಆರಿಸಲು ಕೂತೆವು. ಸೂಜಿಯ ತುದಿ ಕಾಜಾದ ಅಂಚಿಗೆ ತಾಗಿರುವುದು ಬೇಕು ಎಂದೆ. ಅವನು ಕ್ಯಾಮೆರಾದ ಗುಂಡಿ ಒತ್ತಿ ಒಂದೊಂದಾಗಿ ತೋರಿಸಿದ. ಒಂದರಲ್ಲಿ ಸೂಜಿ ಮೇಲೆ, ಒಂದರಲ್ಲಿ ಕೆಳಗೆ, ಒಂದರಲ್ಲಿ ಪಕ್ಕಕ್ಕೆ. "ಇರಿ ಸರ್, ಎಲ್ಲೋ ಒಂದು ಇರುತ್ತೆ" ಎಂದು ಗುಂಡಿಯನ್ನು ಒತ್ತಿ ಹಿಡಿದ. ಫೋಟೋಗಳು ಸರಸರ ಓಡಿದವು.

ನಿಂತ ಕೈ ನಡುಗಲು ಶುರುವಾಯಿತು. ಸಿನಿಮಾದ ಹಾಗೆ. ಕೋಟು ಅಲ್ಲೇ, ಮೇಜು ಅಲ್ಲೇ, ಕೈ ಮಾತ್ರ ಗಾಳಿಗೆ ಸಿಕ್ಕ ಎಲೆಯ ಹಾಗೆ.

"ಅಮ್ಮಂಗೆ ಕೈ ನಡುಗುತ್ತಲ್ವಾ ಸರ್?" ಎಂದ ಅವನು, ಇವತ್ತು ಸೆಖೆ ಅಲ್ವಾ ಅನ್ನುವಂತೆ.

ನಾನು ಹೌದು ಎಂದೆ. ಮೊದಲೇ ಗೊತ್ತಿದ್ದವನ ಹಾಗೆ.

ಫೆಬ್ರವರಿ 15, ಶನಿವಾರ

ಅಂಗಡಿಗೆ ಹೋದೆ. ಬಂದೆ.

ಫೆಬ್ರವರಿ 17, ಸೋಮವಾರ

ದಿನವಿಡೀ ಅಕ್ಕನನ್ನು ನೋಡಿದೆ, ನೋಡದವನ ಹಾಗೆ. ಬಟ್ಟೆಯ ಮೇಲೆ ಸೀಮೆಸುಣ್ಣದ ಗುರುತು ಈಗ ಟೈಲರ್ ಹಾಕುತ್ತಾನೆ. ನಾನು ಅವನು ಕಲಿಯುತ್ತಿದ್ದಾನೆ ಎಂದುಕೊಂಡಿದ್ದೆ. ದೊಡ್ಡ ಕತ್ತರಿ ಹಿಡಿದಾಗ ಕೈ ಪರವಾಗಿಲ್ಲ, ಆ ಭಾರಕ್ಕೆ ಕೂತಿರುತ್ತದೆ. ಸೂಜಿ ಹಿಡಿದರೆ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿಯುತ್ತಾಳೆ. ಒಂದು ಕಾಜಾ ಆಗುವಷ್ಟರಲ್ಲಿ ಮೊದಲು ಮೂರು ಆಗುತ್ತಿತ್ತು. ಟೀ ಬಂದಾಗ ಅರ್ಧ ಲೋಟ. ಯಾಕೆಂದು ಈಗ ಬರೆಯಬೇಕಾಗಿಲ್ಲ.

ಕೇಳೋಣ ಎಂದು ನಾಲ್ಕು ಸಲ ಹತ್ತಿರ ಹೋದೆ. ಮೊದಲ ಸಲ ಬಟ್ಟೆಯ ಬಗ್ಗೆ ಕೇಳಿದೆ. ಎರಡನೇ ಸಲ ಸೆಖೆಯ ಬಗ್ಗೆ. ಮತ್ತೆರಡು ಸಲ ಏನು ಕೇಳಿದೆನೋ ನೆನಪಿಲ್ಲ. ಗುರುತಿಲ್ಲದವನಿಗೆ ಬಿರುಬೇಸಿಗೆಯಲ್ಲಿ ಉಣ್ಣೆ ಕೋಟು ಮಾರಿದ ಬಾಯಿ ಇದು.

ಹೋಟೆಲಿನ ಮೇಡಂ ಫೋನ್ ಮಾಡಿ ಫೋಟೋ ಎಲ್ಲಿ ಎಂದರು. ಸೂಜಿ ಕಾಜಾಕ್ಕೆ ತಾಗಿದ ಫೋಟೋ ಒಂದೂ ಸಿಗಲಿಲ್ಲವಲ್ಲ ಎಂದು ಮದುವೆ ಫೋಟೋದವನಿಗೆ ಹೇಳಿದೆ. "ಅಷ್ಟಕ್ಕೆ ಯಾಕ್ ಸರ್ ತಲೆ ಕೆಡಿಸ್ಕೊಳ್ತೀರಾ? ಬೇರೆ ಕೈ ಇಡೋಣ. ಮುಖ ಇಲ್ವಲ್ಲ, ಯಾರಿಗೆ ಗೊತ್ತಾಗುತ್ತೆ?" ಎಂದ.

ಮುಖ ಬೇಡ ಅಂದವನು ನಾನೇ.

ಫೆಬ್ರವರಿ 19, ಬುಧವಾರ

ನಿನ್ನೆ ರಾತ್ರಿ ಮನೆಯವಳು ಔಷಧಿ ಅಂಗಡಿಯ ಕೌಂಟರಿನ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ವಿಷಯ ಹೇಳಿದೆ.

"ನನ್ನ ಕೈನಾ? ನಿಮ್ಮ ಅಂಗಿ ಗುಂಡಿ ಹಾಕಿದ್ರೆ ಎರಡನೇ ದಿನ ಸಾರಿಗೆ ಬೀಳುತ್ತಲ್ರೀ!"

"ಹೊಲೀಬೇಡ ಮಾರಾಯ್ತಿ. ಹಿಡ್ಕೊ ಸಾಕು."

"ಅಕ್ಕಂಗೆ ಹೇಳಿದ್ರಾ?"

"ಹೇಳ್ತೀನಿ."

ಇವತ್ತು ಅಕ್ಕ ಊಟಕ್ಕೆ ಹಿಂದಿನ ಕೋಣೆಗೆ ಹೋದ ಹೊತ್ತಿನಲ್ಲಿ ಕೆಲಸ ಮುಗಿಸಿದೆವು. ಸೂಜಿ ಚುಚ್ಚದಂತೆ ಅಕ್ಕ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿಯನ್ನೇ ಇವಳ ಬೆರಳಿಗೆ ಹಾಕಿದೆ, ಸ್ವಲ್ಪ ಸಡಿಲವಾಯಿತು. ಫೋಟೋ ಚೆನ್ನಾಗಿ ಬಂತು. ಬಹಳ ಚೆನ್ನಾಗಿ ಬಂತು. ಸಂಜೆಯೇ ಮೇಡಂ ಉತ್ತರ ಬರೆದರು: "ಎಂಥಾ ಕೈಗಳು! ಕರಪತ್ರದ ಮುಖಪುಟಕ್ಕೆ ಇದೇ. ಮುಂದಿನ ಮಂಗಳವಾರ ಬಂದು ಅವರನ್ನು ಕಣ್ಣಾರೆ ನೋಡುತ್ತೇನೆ."

ಗೆದ್ದೆ ಎಂದು ಹೇಳಿದೆ. ಮನೆಯವಳು, "ಮಂಗಳವಾರ ಯಾರ ಕೈ ತೋರಿಸ್ತೀರಿ?" ಎಂದಳು.

ಫೆಬ್ರವರಿ 22, ಶನಿವಾರ

ಹೋಟೆಲಿನಿಂದ ಕರಪತ್ರದ ಮಾದರಿ ಬಂತು. ನಾನು ಹೊರಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಕಾಗದದ ಅಂಚು ಪಟಪಟ ಅನ್ನುತ್ತಿತ್ತು. ಗಾಳಿ ಇರಲಿಲ್ಲ.

"ಟೋಪಿ ನಂದು. ಕೈ ಯಾರದು?"

ನಾನು ಏನೋ ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

"ಸೂಜಿ ಹೀಗೆ ಹಿಡಿದ್ರೆ ಕಾಜಾ ಆಗಲ್ಲ ಕಣೋ, ಕಾಲಿನ ಮುಳ್ಳು ತೆಗೀಬಹುದು. ನಿನ್ನ ಹೆಂಡ್ತೀದಾ?"

"ಹೂಂ."

ಟೈಲರುಗಳು ಮಿಷನ್ ನಿಲ್ಲಿಸಿದರು. ಅಕ್ಕ ಅವರ ಕಡೆ ನೋಡಿದಳು, ಮತ್ತೆ ಓಡಿಸಿದರು.

"ಯಾವಾಗ ಗೊತ್ತಾಯ್ತು ನಿಂಗೆ?"

"ಫೋಟೋ ನೋಡಿ."

"ಫೋಟೋ ನೋಡಿ," ಅಂದಳು ಅಕ್ಕ. "ನಾನು ದಿನಾ ನಿನ್ನ ಎದುರಿಗೇ ಕೂತಿರ್ತೀನಲ್ಲೋ."

ಕಾಗದ ಮಡಿಸಿ ಮೇಜಿನ ಮೇಲಿಟ್ಟು, ಕತ್ತರಿಯನ್ನು ಅದರ ಮೇಲೆ ಹೇರಿ, ಹಿಂದಿನ ಕೋಣೆಗೆ ಹೋದಳು. ಮೂವತ್ತು ವರ್ಷದಲ್ಲಿ ಕೆಲಸದ ನಡುವೆ ಅವಳು ಎದ್ದು ಹೋದದ್ದನ್ನು ನಾನು ಕಂಡಿರಲಿಲ್ಲ.

ಫೆಬ್ರವರಿ 23, ಭಾನುವಾರ

ಅಂಗಡಿಯ ಹಿಂದಿನ ಎರಡು ಕೋಣೆಗಳೇ ಅಕ್ಕನ ಮನೆ. ಬೆಳಿಗ್ಗೆ ಬಾಗಿಲು ತಟ್ಟಿದೆ. ತೆರೆದೇ ಇತ್ತು. ಅವಳು ಮಂಚದ ಮೇಲೆ ಕೂತು ಹಳೆಯ ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡುತ್ತಿದ್ದಳು. ಕೆಲವು ಬಿದ್ದು ಉರುಳುತ್ತಿದ್ದವು. ನಾನು ಕೂತು ಹೆಕ್ಕಿದೆ.

ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವಳು ಹೋದ ವರ್ಷವೇ ಒಬ್ಬಳೇ ಹೋಗಿ ಬಂದಿದ್ದಾಳೆ. ನಾನು ಆ ದಿನ ಯಾರೋ ಗಿರಾಕಿಯ ಹಿಂದೆ ಹೋಗಿದ್ದೆನಂತೆ.

"ಏನಂದ್ರು?"

"ಸಾಯಿಸೋ ಕಾಯಿಲೆ ಅಲ್ಲ. ಬಿಟ್ಟು ಹೋಗೋದೂ ಅಲ್ಲ. ನಿನ್ನ ಗಿರಾಕಿಗಳ ಹಾಗೆ, ಬಂದು ಕೂತಿದೆ. ಮಾತ್ರೆ ಕೊಟ್ರೆ ಸ್ವಲ್ಪ ಹೊತ್ತು ಸುಮ್ಮನಿರುತ್ತೆ."

"ನಂಗೆ ಯಾಕೆ ಹೇಳ್ಲಿಲ್ಲಕ್ಕ?"

"ಹೇಳೋಕೆ ಬಂದಿದ್ದೆ. ನೀನು ಯಾರಿಗೋ ಫೋನಲ್ಲಿ ಹೇಳ್ತಾ ಇದ್ದೆ, 'ನಮ್ಮಕ್ಕನ ಕೈ ಅಂದ್ರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ' ಅಂತ. ಹಾಗೇ ತಿರುಗಿ ಹೋದೆ."

ನೀಲಿ ಗುಂಡಿಯೊಂದು ಮಂಚದ ಕೆಳಗೆ ದೂರ ಹೋಗಿತ್ತು. ಮಲಗಿ ತೆಗೆದೆ.

ಹೊರಡುವಾಗ ಅಂದಳು, "ಮಂಗಳವಾರ ಆ ಮೇಡಂ ಹತ್ರ ನಾನು ಮಾತಾಡ್ತೀನಿ. ನೀನು ಬಾಯಿ ಬಿಡ್ಬೇಡ."

"ಅಕ್ಕ, ಕೆಲಸ ಕೈ ತಪ್ಪುತ್ತೆ."

"ನನ್ನ ಕೈ ತಾನೇ? ತಪ್ಪಿದ್ರೆ ನನ್ನಿಂದಲೇ ತಪ್ಪಲಿ."

ಫೆಬ್ರವರಿ 25, ಮಂಗಳವಾರ

ಮೇಡಂ ಬಂದರು. ನಾನು ಕುರ್ಚಿ ಹಾಕಿದೆ. ಅಷ್ಟೇ ನನ್ನ ಪಾತ್ರ.

ಅಕ್ಕ ಒಂದು ಸೂಜಿಯನ್ನೂ ದಾರವನ್ನೂ ಅವರ ಮುಂದೆ ಇಟ್ಟಳು. "ನಿಮ್ಮ ಕಣ್ಣು ಚೆನ್ನಾಗಿದೆಯಾ ಅಮ್ಮ? ಇದನ್ನ ಸ್ವಲ್ಪ ಪೋಣಿಸ್ಕೊಡಿ." ಮೇಡಂ ನಕ್ಕು, ದಾರದ ತುದಿ ಒದ್ದೆ ಮಾಡಿ, ಎರಡನೇ ಯತ್ನಕ್ಕೆ ಪೋಣಿಸಿದರು. ಅಕ್ಕ ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಮೇಜಿಗೆ ಒತ್ತಲಿಲ್ಲ, ಇನ್ನೊಂದು ಕೈಯಿಂದ ಹಿಡಿಯಲಿಲ್ಲ. ಬರಿಗಾಳಿಯಲ್ಲಿ ಚಾಚಿದಳು. ನಡುಗುತ್ತಿದ್ದ ಆ ಕೈಯನ್ನು ಮೇಡಂ ನೋಡಿದರು. ನಾನೂ ನೋಡಿದೆ. ಟೇಪಿನಲ್ಲಿ ಅಳೆದರೆ ಬೆರಳಿನ ಅಗಲದಷ್ಟು ಇರಬಹುದು. ನೋಡುವಾಗ ಬಹಳ ದೊಡ್ಡದಾಗಿ ಕಾಣುತ್ತದೆ.

"ಕಾಗದದಲ್ಲಿರೋದು ನನ್ನ ತಮ್ಮನ ಹೆಂಡ್ತಿ ಕೈ. ಅವಳಿಗೆ ಹೊಲಿಗೆ ಬರಲ್ಲ. ನಿಮಗೆ ಸುಳ್ಳು ಹೇಳಿದ್ದಾಯ್ತು. ನನ್ನ ಕೈ ಇದು. ಕತ್ತರಿಸೋದು ಈಗಲೂ ನಾನೇ, ಅದರಲ್ಲಿ ಒಂದು ಎಳೆ ಹೆಚ್ಚುಕಮ್ಮಿ ಬಂದ್ರೆ ಕೇಳಿ. ಕಾಜಾ ನಿಧಾನ. ನಿಮಗೆ ಬೇಗ ಬೇಕು ಅಂದ್ರೆ ಎದುರಿನವರ ಹತ್ರ ಹೋಗಿ, ತೋಳು ಮಾತ್ರ ಉದ್ದ ಬರುತ್ತೆ."

ಮೇಡಂ ನಗಲಿಲ್ಲ. ಅಕ್ಕ ಹೊಲಿದಿದ್ದ ಕೋಟೊಂದನ್ನು ತೆಗೆದು ಕಾಜಾಗಳ ಮೇಲೆ ಬೆರಳಾಡಿಸಿದರು, ಮೇಲಿನಿಂದ ಕೆಳಗಿನ ತನಕ. ನನ್ನ ಕಡೆ ತಿರುಗಿ, "ಇದನ್ನ ನೀವೇ ಹೇಳಬಹುದಿತ್ತು" ಎಂದರು.

ನಾನು ಟೀ ಲೋಟವನ್ನು ಅವರ ಕಡೆ ಸರಿಸಿದೆ. ಯೋಚನೆ ಮಾಡಿ ಹೇಳುತ್ತೇನೆ ಎಂದು ಹೊರಟರು. ಟೀ ಮುಟ್ಟಿರಲಿಲ್ಲ.

ಮಾರ್ಚ್ 1, ಶನಿವಾರ

ಫೋನಿಲ್ಲ. ಆ ಮೇಡಂ ಯಾವ ತಳಿ ಎಂದು ಮನೆಯವಳು ಕೇಳಿದಳು. ಗೊತ್ತಿಲ್ಲ ಎಂದೆ.

ಹಿರಿಯ ಟೈಲರ್ ರಸ್ತೆ ದಾಟಿದ. ಹೋಗುವಾಗ ಅಕ್ಕನ ಕಾಲಿಗೆ ಬಗ್ಗಿದ, ನನಗೆ ತಲೆ ಅಲ್ಲಾಡಿಸಿದ. ಅವನ ಮಿಷನ್ ಮೇಲೆ ಹೊದಿಕೆ ಹಾಕಿದೆ.

ಮಾರ್ಚ್ 4, ಮಂಗಳವಾರ

ಮೇಡಂ ಫೋನ್. ಎಲ್ಲ ಕೋಟುಗಳ ಕೆಲಸ ಇಲ್ಲ. ಸದ್ಯಕ್ಕೆ ಬಾಗಿಲಲ್ಲಿ ನಿಲ್ಲುವವರದ್ದು ಮಾತ್ರ. ಅದು ಮೆಚ್ಚುಗೆಯಾದರೆ ಉಳಿದದ್ದರ ಮಾತು. ಕರಪತ್ರ ನಿಲ್ಲಿಸಿದ್ದಾರೆ. "ಕಾಜಾ ಯಾರ ಕೈದಾದ್ರೂ ಸರಿ, ಕೈದೇ ಆಗಿರ್ಬೇಕು. ಮತ್ತೆ ಯಾರದು ಅಂತ ನನಗೆ ಗೊತ್ತಿರ್ಬೇಕು" ಎಂದರು.

ಇದರಿಂದ ಅಂಗಡಿ ಉಳಿಯುತ್ತದೆಯೋ ಇಲ್ಲವೋ ಹೇಳಲಾರೆ. ಮುಳುಗುವವನಿಗೆ ಹುಲ್ಲುಕಡ್ಡಿ ಅನ್ನುತ್ತಾರೆ. ಇದು ಹುಲ್ಲುಕಡ್ಡಿಗಿಂತ ಸ್ವಲ್ಪ ದಪ್ಪ.

ಅಕ್ಕ ಮನೆಯವಳನ್ನು ಕರೆಸಿದಳು. "ಬಾರೇ ಇಲ್ಲಿ. ಕಾಗದದ ಮೇಲೆ ಹೊಲಿದಿದ್ದಾಯ್ತು, ಇನ್ನು ಬಟ್ಟೆ ಮೇಲೆ ಹೊಲಿ."

"ಅಕ್ಕಾ, ನಂಗೆ ಬರಲ್ಲ!"

"ಮುಖಪುಟಕ್ಕೆ ಬಂದವಳಿಗೆ ಕಾಜಾ ಬರಲ್ವಾ? ಕೂತ್ಕೊ. ಮೊದಲು ಮುಳ್ಳು ತೆಗೆಯೋ ಹಿಡಿತ ಬಿಡು."

ಮಾರ್ಚ್ 9, ಭಾನುವಾರ

ಗುಂಗುರು ಕೂದಲಿನ ಹುಡುಗಿಯನ್ನು ಹುಡುಕಿಕೊಂಡು ಹೋಗಿ ಉಳಿದ ಅರ್ಧ ಕೊಟ್ಟೆ. ತಪ್ಪು ನನ್ನದು ಎಂದೆ.

"ನಂಗೆ ಅವತ್ತೇ ಗೊತ್ತಿತ್ತು ಸರ್. ಹೇಳೋಣ ಅಂತಿದ್ದೆ, ಅಮ್ಮ ಅಲ್ಲಿಂದಲೇ ಬೇಡ ಅಂತ ತಲೆ ಅಲ್ಲಾಡಿಸಿದ್ರು." ಆಮೇಲೆ, "ಇನ್ನೊಂದು ಫೋಟೋ ಇದೆ. ಮುಖ ಬೇಡ ಅಂದಿದ್ರಲ್ಲ, ಅದಕ್ಕೆ ಕೊಡಲಿಲ್ಲ" ಎಂದು ತೋರಿಸಿದಳು.

ಅಕ್ಕ ಮೇಜಿನ ಹತ್ತಿರ ಕೂತಿದ್ದಾಳೆ, ಕೈಯಲ್ಲಿ ಸೂಜಿ. ಆದರೆ ಸೂಜಿಯನ್ನು ನೋಡುತ್ತಿಲ್ಲ. ಕತ್ತು ತಿರುಗಿಸಿ ನನ್ನನ್ನು ನೋಡುತ್ತಿದ್ದಾಳೆ. ನಾನು ಅವಳ ಹಿಂದೆ, ಗೋಡೆಯ ಕಡೆ ಮುಖ ಮಾಡಿ, ಫೋನಿನಲ್ಲಿ ನಗುತ್ತಿದ್ದೇನೆ. ನಾನು ಸ್ಪಷ್ಟವಾಗಿಲ್ಲ. ಅವಳ ಮುಖ ಬಹಳ ಸ್ಪಷ್ಟವಾಗಿದೆ.

ಇದು ಎಷ್ಟು ಎಂದು ಕೇಳಿದೆ. ಇದಕ್ಕೆ ಹಣ ಬೇಡ ಎಂದಳು. ಈ ಹುಡುಗಿ ವ್ಯಾಪಾರದಲ್ಲಿ ಉದ್ಧಾರ ಆಗುವುದಿಲ್ಲ.

ಮಾರ್ಚ್ 20, ಗುರುವಾರ

ಬಾಗಿಲವರ ಕೋಟುಗಳು ಹೋಟೆಲಿಗೆ ಹೋದವು. ಮನೆಯವಳು ಹೊಲಿದ ಕಾಜಾಗಳನ್ನು ಅಕ್ಕ ಎರಡೆರಡು ಸಲ ಬಿಚ್ಚಿಸಿದಳು, ಒಂದನ್ನು ಮಾತ್ರ ನೋಡಿ ಹಾಗೇ ಬಿಟ್ಟಳು. ಮೇಡಂ ಇನ್ನೂ ಏನೂ ಹೇಳಿಲ್ಲ. ಇವತ್ತು ಹೊಸ ಗಿರಾಕಿ ಯಾರೂ ಬರಲಿಲ್ಲ. ಬಂದಿದ್ದರೂ ಗಮನಿಸಿರಲಿಕ್ಕಿಲ್ಲ, ಸಂಜೆ ಪೂರ್ತಿ ಅಕ್ಕನ ಎದುರಿಗೆ ಕೂತು ಸೂಜಿಗಳಿಗೆ ದಾರ ಪೋಣಿಸಿಕೊಡುತ್ತಿದ್ದೆ.

ಖರ್ಚಿನ ಲೆಕ್ಕದಲ್ಲಿ ಒಂದು ಬದಲಾವಣೆ: ಅಂಗಡಿಯಲ್ಲಿ ಈಗ ಎಲ್ಲರಿಗೂ ಅರ್ಧ ಲೋಟ ಟೀ, ಎರಡು ಸಲ. ಹಾಗೆ ಕುಡಿದರೆ ಆರುವುದಿಲ್ಲ, ಅದಕ್ಕೇ.